ಅವ್ವನ ಜಪಾನಿ ಪೇಟಿ

ನಮ್ಮ ಮನೆಯ ಅಲಮಾರಿಯ ಮೇಲೆ ಒಂದು ಉದ್ದನೆಯ ಖಾಲಿ ರಟ್ಟಿನ ಡಬ್ಬ ಇದೆ. ಒಂದನೇ ಕ್ಲಾಸಿನ ಹುಡುಗ ಆರಾಮಾಗಿ ಕಾಲು ಚಾಚಿ ಮಲಗಬಹುದಾದಷ್ಟು ಉದ್ದ. ಪ್ರತಿ ದೀಪಾವಳಿಗೆ ಮನೆ ಝಾಡಿಸುವಾಗ ನನ್ನ ಹೆಂಡತಿ ಸುಧಾ ಅದನ್ನು ಕೆಳಗಿಳಿಸುತ್ತಾಳೆ. "ಇದನ್ನ ರದ್ದಿಯವಗ ಕೊಡೂಣೇನ್ರಿ?" ಎಂದು ಕೇಳುತ್ತಾಳೆ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವನ ದನಿ ಬರುತ್ತದೆ: "ಅದರ ತಂಟೆಕ್ಕ ಹೋಗಬ್ಯಾಡ್ರಿ!" ಸುಧಾ ಧೂಳು ಒರೆಸುತ್ತಾಳೆ, ಡಬ್ಬ ಮತ್ತೆ ಮೇಲೇರುತ್ತದೆ. ಮನೆಗೆ ಬಂದ ನೆಂಟರು ಒಳಗೆ ಏನೋ ಬೆಲೆಬಾಳುವುದು ಇದೆ ಎಂದುಕೊಂಡಿದ್ದಾರೆ. ಒಳಗೆ ಥರ್ಮಾಕೋಲ್ ಬಿಟ್ಟರೆ ಏನೂ ಇಲ್ಲ.

ಡಬ್ಬದ ಮೈಮೇಲೆ ಒಂದು ಜಪಾನಿ ಕಂಪನಿಯ ಹೆಸರಿದೆ. ಹೆಸರು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಅವರೇನೂ ನನಗೆ ಒಂದು ಗಿಟಾರು ಪಾರ್ಸಲ್ ಮಾಡುವುದಿಲ್ಲ. ದೊಡ್ಡ ಕಂಪನಿ. ಪಿಯಾನೊ, ಪಿಟೀಲು, ತುತ್ತೂರಿ, ಮೈಕು, ಆಂಪ್ಲಿಫೈಯರು, ಸ್ಪೀಕರು, ಸಪ್ಪಳ ಮಾಡುವ ಯಾವುದನ್ನೂ ಅವರು ಬಿಟ್ಟಿಲ್ಲ. ಸಮುದ್ರದಾಚೆ ಕೋಟು ಹಾಕಿಕೊಂಡವರು ಉಸಿರು ಬಿಗಿಹಿಡಿದು ಕೇಳುವ ಪಿಯಾನೊದ ಮೇಲೂ ಅದೇ ಹೆಸರು, ನಮ್ಮ ಗಲ್ಲಿಯ ಗಣಪತಿಯ ಮುಂದೆ ಕಿವಿ ಹರಿಯುವಂತೆ ಕೂಗುವ ಸ್ಪೀಕರಿನ ಮೇಲೂ ಅದೇ ಹೆಸರು. ಇಷ್ಟೆಲ್ಲ ದೇಶಗಳಲ್ಲಿ ವ್ಯಾಪಾರ ಮಾಡುವ ಆ ಕಂಪನಿಗೆ, ಕಲಬುರಗಿಯ ಒಂದು ಮನೆಯಲ್ಲಿ ತಾನು ಮಾಡಿದ ಕೆಲಸ ಇನ್ನೂ ಗೊತ್ತಾಗಿಲ್ಲ. ಆ ಕೊರತೆ ತುಂಬಲೆಂದೇ ಇದನ್ನು ಬರೆಯುತ್ತಿದ್ದೇನೆ ಎಂದರೂ ನಡೆದೀತು.

ಡಬ್ಬದಲ್ಲಿ ಬಂದದ್ದು ಒಂದು ಕೀಬೋರ್ಡು. ಮಗಳು ಪಲ್ಲವಿ ಹೈಸ್ಕೂಲಿನಲ್ಲಿದ್ದಾಗ ಸಂಗೀತ ಕ್ಲಾಸಿಗೆ ಸೇರಿ, ಕೀಬೋರ್ಡು ಬೇಕೇ ಬೇಕು ಎಂದು ಹಟ ಹಿಡಿದಳು. ಬಜಾರಿನಿಂದ ಅದನ್ನು ಆಟೋದಲ್ಲಿ ತರುವಾಗ ಡಬ್ಬ ಎರಡೂ ಕಡೆ ಹೊರಗೆ ಚಾಚಿತ್ತು. ನಮ್ಮೂರಿನ ಬಿಸಿಲಿಗೆ ದೊಡ್ಡ ಡಬ್ಬ ಎಂದರೆ ಒಂದೇ ಅರ್ಥ.

"ಕೂಲರ್ ಹೈ ಕ್ಯಾ ಸಾಬ್?" ಎಂದ ಆಟೋದವನು.

"ಅಲ್ಲಪಾ, ಬಾಜಾ" ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಬಾಜಾ? ಮನ್ಯಾಗ ಶಾದಿ ಅದ ಏನ್ರೀ?"

ಶಾದಿ ಇರಲಿಲ್ಲ, ಆದರೆ ಆ ವರ್ಷ ಮನೆಯಲ್ಲಿ ಸಪ್ಪಳ ಶಾದಿಮನೆಯಷ್ಟೇ ಇತ್ತು. ಪಲ್ಲವಿ ಶಾಲೆಯ ಕಾರ್ಯಕ್ರಮದಲ್ಲಿ ಬಾರಿಸಿದಳು, ಕಪ್ಪು ತಂದಳು, ಮುಂದೆ ಪರೀಕ್ಷೆಗಳ ಗಡಿಬಿಡಿ ಬಂತು, ಕೊನೆಗೆ ಓದಲೆಂದು ವಿಜಯಪುರದ ಹಾಸ್ಟೆಲಿಗೆ ಹೋದಳು. ಕೀಬೋರ್ಡು ಹಳೆಯ ಚಾದರ ಹೊದ್ದು ಪಲ್ಲಂಗದ ಕೆಳಗೆ ಮಲಗಿತು.

ಇಷ್ಟು ಕೀಬೋರ್ಡಿನ ಕಥೆ. ಇನ್ನು ಅವ್ವನದು.

ಅವ್ವ ಹಾಡುತ್ತಿದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಅದರಲ್ಲೂ ಒಂದು ಕಟ್ಟುನಿಟ್ಟು ಇತ್ತು. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಗಾಳಿ ಹೊಡೆಯುವ ಹಿತ್ತಾಳೆ ಸ್ಟೋವ್ ಇತ್ತು. ಅದು ಭರ್ ಎಂದು ಶುರುವಾದ ಮೇಲೆಯೇ ಅವ್ವನ ದೇವರನಾಮ ಶುರು. ಸ್ಟೋವ್ ಆರಿಸಿದೊಡನೆ ಹಾಡೂ ಬಂದ್, ಅರ್ಧ ಸಾಲಿನಲ್ಲಿದ್ದರೂ ಸರಿ. ಸ್ಟೋವಿಗೂ ಹಾಡಿಗೂ ಒಂದೇ ಪಂಪು ಎಂದು ನಾನು ಬಹಳ ದಿನ ನಂಬಿದ್ದೆ. ಮುಂದೆ ಮಿಕ್ಸರ್ ಬಂತು. ಶೇಂಗಾ ಚಟ್ನಿಪುಡಿ ಮಾಡುವ ದಿನ ಅವ್ವನ ಕಛೇರಿ ಭರ್ಜರಿಯಾಗಿರುತ್ತಿತ್ತು. ಕರೆಂಟು ಹೋದರೆ ಚಟ್ನಿ, ದೇವರನಾಮ ಎರಡೂ ಅರೆಬರೆ.

ಕೇಳಿದರೆ ಅವ್ವನ ಉತ್ತರ ಒಂದೇ: "ನಂದು ಬೇಸುರಪಾ. ಮಂದಿ ಕಿವಿಗೆ ಯಾಕ ತ್ರಾಸು?"

ನಮ್ಮ ಗಲ್ಲಿಯ ಹೆಣ್ಣುಮಕ್ಕಳ ಭಜನಾ ಮಂಡಳಿಯಲ್ಲಿ ಅವ್ವ ಮದುವೆಯಾಗಿ ಬಂದಾಗಿನಿಂದ ಇದ್ದಾಳೆ. ಶನಿವಾರ ಸಂಜೆ ಎಲ್ಲರೂ ಕೂತರೆ ಅವ್ವನ ಕೈಗೆ ತಾಳ. ತಾಳ ಹಾಕುತ್ತ ಬಾಯಿ ಮಾತ್ರ ಆಡಿಸುವಳು, ದನಿ ಹೊರಗೆ ಬಿಡುವವಳಲ್ಲ. ಆ ಕಲೆಯಲ್ಲಿ ಅವಳು ಎಷ್ಟು ಪಳಗಿದ್ದಳೆಂದರೆ, ಊರಿಂದ ಬಂದ ಹೊಸ ಸೊಸೆಯೊಬ್ಬಳು "ಕಾಕು, ನಿಮ್ಮ ದನಿ ಭಾಳ ಛಂದ ಅದ ರೀ" ಎಂದು ಹೇಳಿಹೋಗಿದ್ದಳು. ಅವ್ವ ಆ ಹೊಗಳಿಕೆಯನ್ನು ವಾಪಸು ಮಾಡಲಿಲ್ಲ.

ಅವ್ವನಿಗೆ ಈ ಬೇಸುರದ ಬಿರುದು ಬಂದದ್ದು ತವರಿನಲ್ಲಿ, ಕಮಲಾಪುರದಲ್ಲಿ. ಅಜ್ಜ ಸಂಜೆ ಹಾರ್ಮೋನಿಯಂ ಹಿಡಿದು ಕೂಡುತ್ತಿದ್ದರಂತೆ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತೇವೆ. ಅವ್ವನ ಅಕ್ಕ, ಅಂದರೆ ನನ್ನ ಮಾವಶಿ, ಹಾಡುತ್ತಿದ್ದಳು. ಮಾವಶಿಯ ಕಂಠ ಊರಿಗೇ ಹೆಸರಾದದ್ದು. ಗುಡಿಯ ಮುಂದೆ ನಿಂತು ಹಾಡಿದರೆ ಬಸ್‌ಸ್ಟ್ಯಾಂಡಿಗೆ ಕೇಳಬೇಕು, ಅಷ್ಟು ಎತ್ತರದ, ಬೆಳ್ಳಿಯಂಥ ದನಿ. ಅವಳ ಹಿಂದೆ ಅವ್ವನೂ ಹಾಡಲು ಹೋದರೆ ಹಾಡಿನ ಪಲ್ಲವಿಯವರೆಗೆ ಹೇಗೋ ಸಾಗುತ್ತಿತ್ತು, ಚರಣ ಏರಿದ ಕೂಡಲೇ ಗಂಟಲು ಕಿರುಗುಟ್ಟುತ್ತಿತ್ತು. "ನೀ ಸುಮ್ಮ ತಾಳ ಹಾಕವಾ" ಎಂದಳಂತೆ ಮಾವಶಿ. ಅವ್ವ ಹಾಕಿದಳು. ಕಮಲಾಪುರದಲ್ಲಿ ಶುರು ಮಾಡಿದ್ದನ್ನು ಕಲಬುರಗಿಯಲ್ಲಿ ಮುಂದುವರಿಸಿದಳು.

ಅಂಥ ಅವ್ವ ಒಂದು ಬೇಸಿಗೆಯ ಮಧ್ಯಾಹ್ನ ನನ್ನೆದುರು ಬಂದು ನಿಂತಳು. ಹೊರಗೆ ಬೆಂಕಿ ಬಿಸಿಲು, ನಾನು ಬನಿಯನ್ನಿನಲ್ಲಿ ನೆಲದ ಮೇಲೆ ಉರುಳಿದ್ದೆ.

"ಪ್ರಾಣ್ಯಾ, ಪಲ್ಲಂಗದ ಕೆಳಗ ಆ ಜಪಾನಿ ಪೇಟಿ ಹಂಗ ಬಿದ್ದದಲ್ಲ, ತೆಗದು ಕೊಡು."

"ನಿಂಗ ಯಾಕವಾ?"

"ಯಾಕಂದ್ರ? ಹಂಗ ಬಿಟ್ರ ಇಲಿ ವೈರ್ ಕಡೀತಾವ."

ಇಲಿಯ ಕಾಳಜಿಯಿಂದ ಮೇಲೆ ಬಂದ ಕೀಬೋರ್ಡು ಅವ್ವನ ಕೋಣೆಯ ಮೇಜಿನ ಮೇಲೆ ಕೂತಿತು. ಕೂತೊಡನೆ ಒಂದು ಧರ್ಮಸೂಕ್ಷ್ಮ ಎದ್ದಿತು. ಮಡಿಯಲ್ಲಿ ಇದನ್ನು ಮುಟ್ಟಬಹುದೇ? ಪೇಟಿಯಾದರೆ ಕಟ್ಟಿಗೆಯದು, ಅದಕ್ಕೆ ಹಿರಿಯರ ಒಪ್ಪಿಗೆ ಇದೆ. ಇದು ಪ್ಲಾಸ್ಟಿಕ್ಕು, ಮೇಲೆ ವೈರು, ಸಾಲದ್ದಕ್ಕೆ ಪರದೇಶದ್ದು. ಅವ್ವ ಎರಡು ದಿನ ಯೋಚಿಸಿ ತಾನೇ ತೀರ್ಪು ಕೊಟ್ಟಳು. "ಪ್ಲಾಸ್ಟಿಕ್ ಕೊಡದಾಗಿನ ನೀರು ನಡೀತದಂದ್ರ ಇದೂ ನಡೀತದ." ಬಳಿಕ ಅದರ ಮೇಲೆ ನೀರು ಪ್ರೋಕ್ಷಿಸಿದಳು. ಜೊತೆಗೆ ಬಂದ ಕೈಪಿಡಿಯಲ್ಲಿ ಹತ್ತಾರು ಭಾಷೆಗಳಲ್ಲಿ ನೀರಿನಿಂದ ದೂರವಿಡಿ ಎಂದು ಬರೆದಿತ್ತು. ಕನ್ನಡದಲ್ಲಿ ಬರೆದಿರಲಿಲ್ಲ, ಹೀಗಾಗಿ ನಮ್ಮದೇನೂ ತಪ್ಪಿಲ್ಲ.

ಅಜ್ಜನ ಬೆರಳು ನೋಡಿ ನೋಡಿ ಅವ್ವನಿಗೆ ಸ್ವರದ ಮನೆಗಳು ಗೊತ್ತಿದ್ದವು. ಮರೆಯಬಾರದೆಂದು ಹಣೆಗೆ ಹಚ್ಚುವ ಟಿಕಲಿಗಳನ್ನೇ ಕೀಲಿಗಳ ಮೇಲೆ ಅಂಟಿಸಿದಳು. 'ಸ'ಕ್ಕೆ ಕೆಂಪು, 'ಪ'ಕ್ಕೆ ಹಸಿರು. ಮೂರನೇ ದಿನಕ್ಕೆ ಆ ಯಂತ್ರದಲ್ಲಿ ಪಾಠ ಹೇಳುವ ಬಟನ್ ಒಂದಿದೆ ಎಂದು ಅವಳೇ ಕಂಡುಹಿಡಿದಳು. ಅದನ್ನು ಒತ್ತಿದರೆ ವಿದೇಶಿ ಮಕ್ಕಳ ಹಾಡೊಂದು ಬರುತ್ತದೆ. ನಾವು ಅದರಂತೆ ಬಾರಿಸಬೇಕು. ಮುಗಿದ ಮೇಲೆ ಯಂತ್ರ ಇಂಗ್ಲಿಷಿನಲ್ಲಿ ಮಾರ್ಕು ಹೇಳುತ್ತದೆ: ಓಕೆ, ಗುಡ್, ವೆರಿ ಗುಡ್, ಎಕ್ಸಲೆಂಟ್.

ಅಲ್ಲಿಂದ ನಮ್ಮ ಮನೆಯಲ್ಲಿ ಪರೀಕ್ಷೆಯ ಸೀಸನ್ ಶುರುವಾಯಿತು.

"ಪ್ರಾಣ್ಯಾ, ಓಕೆ ಅಂತು. ಓಕೆ ಅಂದ್ರ ಪಾಸೋ ನಪಾಸೋ?"

"ಪಾಸವಾ. ಜಸ್ಟ್ ಪಾಸು."

ಅವ್ವನಿಗೆ ಜಸ್ಟ್ ಪಾಸು ಹಿಡಿಸಲಿಲ್ಲ. ಎಪ್ಪತ್ತು ದಾಟಿದ ನಮ್ಮವ್ವ, ಏಕಾದಶಿಯ ಉಪವಾಸದ ದಿನವೂ ಒಂಬತ್ತುಗಜದ ಸೀರೆಯುಟ್ಟು, ಯಾವುದೋ ಹಿಮದ ದೇಶದ ಕೂಸುಗಳ ಹಾಡನ್ನು ಗಂಟೆಗಟ್ಟಲೆ ಬಾರಿಸುವುದನ್ನು ನೀವು ನೋಡಬೇಕಿತ್ತು. ಒಂದು ದಿನ ಸುಧಾಳ ಉಪ್ಪಿಟ್ಟು ತಿಂದು "ವೆರಿ ಗುಡ್" ಎಂದಳು. ಸುಧಾ ಹಿಗ್ಗುವಷ್ಟರಲ್ಲಿ, "ಎಕ್ಸಲೆಂಟ್ ಆಗಬೇಕಂದ್ರ ಇನ್ನೊಂಚೂರು ಲಿಂಬಿ ಬೇಕಿತ್ತು" ಎಂದೂ ಸೇರಿಸಿದಳು. ಸುಧಾ ಎರಡು ದಿನ ಉಪ್ಪಿಟ್ಟು ಮಾಡಲಿಲ್ಲ.

ಕೊನೆಗೆ ಒಂದು ಸಂಜೆ ಯಂತ್ರ "ಎಕ್ಸಲೆಂಟ್" ಎಂದಿತು. ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು, ನಮಗೂ ಹಂಚಿದಳು. ಆ ಧೈರ್ಯದಲ್ಲೇ ಮರುದಿನ ತಾನು ಅಜ್ಜನಿಂದ ಕೇಳಿದ್ದ ಒಂದು ದೇವರನಾಮವನ್ನು ಕೀಲಿಗಳ ಮೇಲೆ ಹುಡುಕಿಕೊಂಡಳು. ಬೆರಳು ತಪ್ಪಲಿಲ್ಲ. ಬಾಗಿಲು ಮುಂದೆ ಮಾಡಿ, ಅದರ ಜೊತೆ ಹಾಡಿಯೂ ನೋಡಿದಳು.

ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿತು. ಚರಣ ಏರಿತು, ಗಂಟಲು ಕಿರುಗುಟ್ಟಿತು, ಹಾಡು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಅದೇ ಜಾಗದಲ್ಲಿ ಮತ್ತೆ ನಿಂತಿತು. ಅವ್ವ ಹೊರಗೆ ಬಂದು ನೀರು ಕುಡಿದಳು. "ಮಷಿನ್ನೂ ಅದನ್ನ ಅಂತದ ನೋಡು. ಅಕ್ಕ ಅಂದಿದ್ದು ಖರೇನ ಅದ" ಎಂದಳು. ಅಂದಿನಿಂದ ಕೀಬೋರ್ಡಿನ ಮೇಲೆ ಟಾವೆಲ್ಲು ಬಿತ್ತು. ಟಾವೆಲ್ಲಿನ ಕೆಳಗೆ ಟಿಕಲಿ ಅಂಟಿಸಿದ ಕೀಲಿಗಳಿವೆ ಎಂಬುದು ಮಾತ್ರ ಆ ಕೋಣೆಗೆ ಹೋದಾಗಲೆಲ್ಲ ನೆನಪಾಗುತ್ತಿತ್ತು.

ಹಾಗೆ ಎಷ್ಟೋ ದಿನ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ನನಗೆ ಕೈ ತುರಿಸಿತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಅವ್ವ ದೇವರಮನೆಯಲ್ಲಿದ್ದಳು. ಟಾವೆಲ್ಲು ಸರಿಸಿ, ಯಂತ್ರ ಹಚ್ಚಿ, ಯಾವುದೋ ಬಟನ್ ಒತ್ತಿದೆ. ಧಡ್ ಧಡ್ ಧಡ್ ಎಂದು ಡಿಸ್ಕೋ ಬಡಿತ ಶುರುವಾಯಿತು. ನಿಲ್ಲಿಸಲು ಇನ್ನೊಂದು ಬಟನ್ ಒತ್ತಿದೆ. ಬಡಿತದ ಜೊತೆಗೆ ತುತ್ತೂರಿಯೂ ಸೇರಿತು.

ದೇವರಮನೆಯಿಂದ ಅವ್ವ ಕೂಗಿದಳು: "ಪ್ರಾಣ್ಯಾ! ಆರತಿ ಹೊತ್ತಿನ್ಯಾಗ ಏನದು ಬ್ಯಾಂಡು!"

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯವರು ಇಣುಕಿದರು. "ಏನ್ರೀ ಸರ್, ಮದುವಿ ವರಾತ ಹೊಂಟದೇನು?" ವಿಜ್ಞಾನಿಯಂತೆ ಯೋಚಿಸುವುದು ಬಿಟ್ಟು, ಕೈಗೆ ಸಿಕ್ಕ ಬಟನ್ನುಗಳನ್ನೆಲ್ಲ ಒಂದರ ಮೇಲೊಂದು ಒತ್ತುತ್ತ ಹೋದೆ. ಹೇಗೋ ಸದ್ದು ಅಡಗಿತು. ಯಂತ್ರ ಬಂದ್ ಮಾಡುವುದನ್ನೂ ಮರೆತು ಹೊರಗೆ ಬಂದು, ಪೇಪರನ್ನು ಮುಖದ ಮುಂದೆ ಹಿಡಿದು ಕೂತೆ.

ಆರತಿ ಮುಗಿಸಿ ಅವ್ವ ನೇರ ಕೋಣೆಗೆ ಹೋದಳು. "ಕೆಡಿಸಿ ಇಟ್ಟಿದಿ ಏನು?" ಎನ್ನುತ್ತ ಕೆಂಪು ಟಿಕಲಿಯ ಮೇಲೆ ಬೆರಳಿಟ್ಟಳು. ದನಿ ಬಂತು. ಪರೀಕ್ಷೆಗೆಂದು ಆ ದೇವರನಾಮದ ಮೊದಲ ಸಾಲು ಬಾರಿಸಿದಳು, ಬಾಯಲ್ಲಿ ಮೆಲ್ಲಗೆ ಗುನುಗಿದಳು. ಎರಡನೇ ಸಾಲಿಗೆ ಗುನುಗು ಹಾಡಾಯಿತು. ಚರಣ ಬಂತು. ನಾನು ಪೇಪರಿನ ಹಿಂದೆ ಕಣ್ಣು ಮುಚ್ಚಿಕೊಂಡೆ, ಇನ್ನೇನು ಕಿರುಗುಟ್ಟುತ್ತದೆ ಎಂದು.

ಕಿರುಗುಟ್ಟಲಿಲ್ಲ. ಅವ್ವನ ದನಿ ಮೇಲೇರಿತು, ಮೇಲೆಯೇ ನಿಂತಿತು, ನಿಧಾನವಾಗಿ ತಿರುಗಿ ಕೆಳಗಿಳಿಯಿತು. ಗಾಢವಾದ, ದಪ್ಪ ಕಂಬಳಿಯಂಥ ದನಿ. ಅಷ್ಟು ವರ್ಷ ಸ್ಟೋವು, ಮಿಕ್ಸರುಗಳ ಅಡಿಯಿಂದ ಚೂರುಚೂರಾಗಿ ಕೇಳಿದ್ದ ದನಿ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಸುಧಾ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅದನ್ನು ನಾನೂ ಹೇಳಲಿಲ್ಲ, ಅವಳೂ ನೋಡಲಿಲ್ಲ.

ಹಾಡು ಮುಗಿಸಿದ ಅವ್ವನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು. "ಇದು ಖರೇನ ಕೆಟ್ಟದ ಪ್ರಾಣ್ಯಾ. ಸುರ ಬ್ಯಾರೇನ ಬರ್ಲಿಕ್ಕತ್ತದ."

ಪಲ್ಲವಿಗೆ ವಿಡಿಯೋ ಕಾಲ್ ಹಚ್ಚಿದೆವು. ಅವಳು ಹಾಸ್ಟೆಲಿನಲ್ಲಿ ಇನ್ನೂ ಎದ್ದಿರಲಿಲ್ಲ. ಕೂದಲು ಕೆದರಿದ ತಲೆ ಪರದೆಯ ಮೇಲೆ ಬಂತು. ಕೀಬೋರ್ಡಿನ ಸಣ್ಣ ಕಿಟಕಿಯಂಥ ಜಾಗದಲ್ಲಿ ಮೂಡಿದ್ದ ಅಂಕಿ ತೋರಿಸಿದೆ. ಮೈನಸ್ ನಾಲ್ಕು.

"ಪಪ್ಪಾ, ನೀವು ಟ್ರಾನ್ಸ್‌ಪೋಸ್ ಬಟನ್ ಒತ್ತೀರಿ. ಕೀಲಿ ಅವೇ ಇರ್ತಾವ, ಸುರ ಮಾತ್ರ ನಾಲ್ಕು ಮನಿ ಕೆಳಗ ಇಳೀತದ. ಏನೂ ಕೆಟ್ಟಿಲ್ಲ." ಆಮೇಲೆ ಆಕಳಿಸುತ್ತಲೇ ಕೇಳಿದಳು, "ಯಾಕ, ಏನಾತು?"

ಸುಧಾ ಹೇಳಿದಳು. ಪಲ್ಲವಿಯ ಆಕಳಿಕೆ ಅರ್ಧಕ್ಕೇ ನಿಂತಿತು. "ಅಜ್ಜಿ, ಇನ್ನೊಮ್ಮೆ ಹಾಡು." ಅವ್ವ ಹಾಡಿದಳು. ಪಲ್ಲವಿ ಹಾಸಿಗೆಯಲ್ಲಿ ಎದ್ದು ಕೂತಳು. "ಅಜ್ಜಿ! ನಿಂದು ಬೇಸುರ ಅಲ್ಲವೇ ಅಲ್ಲ. ನಿನ್ನ ಸುರ ಕೆಳಗ ಅದ, ಅಷ್ಟ. ಕಮಲಾಪುರದ ಅಜ್ಜಿದು ಭಾಳ ಮ್ಯಾಲ ಅದ. ನೀ ಅಕಿ ಸುರದಾಗ ಹಾಡಲಿಕ್ಕೆ ಹೋಗ್ತಿದ್ದಿ."

"ಅಷ್ಟನಾ?" ಎಂದಳು ಅವ್ವ.

"ಅಷ್ಟ."

ದನಿಯ ಏರಿಳಿತ, ಕಂಪನ, ಆವರ್ತನ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಹೇಳುವ ಉಪನ್ಯಾಸಕರು ಅಲ್ಲೇ ಲುಂಗಿ ಸರಿಪಡಿಸಿಕೊಳ್ಳುತ್ತ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಅವ್ವ ಅಡುಗೆಮನೆಗೆ ಹೋದಳು. ಖುಷಿಯಾಗಿರಬೇಕು ಎಂದುಕೊಂಡೆ. ಆದರೆ ಒಳಗಿನಿಂದ ಪಾತ್ರೆಗಳು ಕುಟ್ಟಿಸಿಕೊಳ್ಳುವ ಸದ್ದು ಬೇರೆಯೇ ಹೇಳುತ್ತಿತ್ತು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ರೊಟ್ಟಿ ಬಿದ್ದದ್ದಲ್ಲ, ಅಪ್ಪಳಿಸಿತು.

"ಕಮಲಾಪುರಕ್ಕ ಹೋಗೂದದ" ಎಂದಳು. "ನಿಂಗ ಯಾವಾಗ ಪುರಸೊತ್ತು ಅದ?"

"ಏನವಾ, ವಿಶೇಷ?"

"ಅಕ್ಕನ ಮುಂದ ಹಾಡೂದದ. ಕೇಳಲಿ ಅಕಿ."

ಮುಂದಿನ ಭಾನುವಾರ ಹೊರಟೆವು. ಅವ್ವ ಕಾರಿನ ಹಿಂದಿನ ಸೀಟಿನಲ್ಲಿ ಕೀಬೋರ್ಡನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಕಪನೂರದ ಫ್ಯಾಕ್ಟರಿಗಳ ಮುಂದೆ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗ, ಮಾತು ಬರಲೆಂದು "ಮಾವಶಿಗೆ ಏನಂತ ಹೇಳ್ತೀ?" ಎಂದು ಕೇಳಿದೆ. "ಏನೂ ಹೇಳಂಗಿಲ್ಲ, ಹಾಡ್ತೀನಿ" ಎಂದಳು. ಮಹಾಗಾಂವ ದಾಟುವಾಗ ಎರಡೂ ಕಡೆ ತೊಗರಿ ಹೂ ಬಿಟ್ಟು ಹಳದಿಯಾಗಿತ್ತು. ಅವ್ವ ಅತ್ತ ನೋಡಲೂ ಇಲ್ಲ. ತುಟಿ ಅಲ್ಲಾಡುತ್ತಿದ್ದವು. ಕೋರ್ಟಿಗೆ ಹೊರಟ ವಕೀಲರ ಮುಖದಲ್ಲಿ ಅಂಥ ಕಳೆ ನೋಡಿದ್ದೇನೆ.

ಕಮಲಾಪುರದಲ್ಲಿ ಮಾವಶಿಯ ಮನೆ ತುಂಬಿದ ಮನೆ. ಮಗ, ನನಗೆ ಅಣ್ಣನಾಗಬೇಕು, ಅಲ್ಲಿಯ ಗುಡಿಯ ಪೂಜೆ ನೋಡಿಕೊಳ್ಳುತ್ತಾನೆ, ಸೊಸೆ ವಂದನಾ ವೈನಿ ಶಾಲೆಯಲ್ಲಿ ಟೀಚರು. ಒಳಗೆ ಹೋದೊಡನೆ ಊರಿನ ಕೆಂಪು ಬಾಳೆಹಣ್ಣಿನ ಚಿಪ್ಪು ಮುಂದೆ ಬಂತು. ಮಾವಶಿ ಕುರ್ಚಿಯಲ್ಲಿ ಕೂತಿದ್ದಳು, ಎಂಬತ್ತರ ಹತ್ತಿರದ ಜೀವ, ನೆಟ್ಟಗೆ, ಹಣೆಯಲ್ಲಿ ಅಂಗಾರ ಅಕ್ಷತೆ. ಕೀಬೋರ್ಡು ನೋಡಿ ಹುಬ್ಬೇರಿಸಿದಳು.

"ಏನ ಇದು? ಇಸ್ತ್ರಿ ಮೇಜೇನು?"

"ಜಪಾನಿ ಪೇಟಿ" ಎಂದಳು ಅವ್ವ. ಪ್ಲಗ್ಗು ಚುಚ್ಚಿದಳು. ಪ್ರತಿ ಸಲ ಹಚ್ಚಿದಾಗಲೂ ಸುರವನ್ನು ಹೊಸದಾಗಿ ಕೆಳಗಿಳಿಸಬೇಕು, ಅದನ್ನೂ ಕಲಿತಿದ್ದಳು. ಮೈನಸ್ ಬಟನ್ ನಾಲ್ಕು ಸಲ ಒತ್ತಿ, ಸೆರಗು ಹೊದ್ದು, ಬಾಳೆಹಣ್ಣನ್ನೂ ಮುಟ್ಟದೆ ಹಾಡಲು ಶುರು ಮಾಡಿದಳು.

ಅಂದು ಅವ್ವ ಹಾಡಿದ್ದು ನಮ್ಮ ಮನೆಯಲ್ಲಿ ಹಾಡಿದ್ದಕ್ಕಿಂತ ಚೆನ್ನಾಗಿತ್ತು. ಸಿಟ್ಟಿನಿಂದಲೂ ಕಂಠ ಇಷ್ಟು ತೆರೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವಂದನಾ ವೈನಿ ಚಹಾದ ಟ್ರೇ ಹಿಡಿದು ನಿಂತಲ್ಲೇ ನಿಂತಳು. ಮುಗಿದಾಗ ಗುಡಿಯಿಂದ ಆಗಷ್ಟೇ ಬಂದಿದ್ದ ಅಣ್ಣ ಅವ್ವನಿಗೆ "ಮಾವಶಿ, ಏನಿದು ರೀ! ಇಷ್ಟು ದಿನ ಎಲ್ಲಿ ಇಟ್ಟಿದ್ದರಿ?" ಎಂದ.

ಅವ್ವ ಅವನತ್ತ ನೋಡಲಿಲ್ಲ. ನೋಡುತ್ತಿದ್ದದ್ದು ಅಕ್ಕನನ್ನು.

ಮಾವಶಿ "ಠೀಕ ಅದ" ಎಂದಳು. "ಆದ್ರ ಗಂಡಸರ ಸುರ ಆತಲ್ಲವಾ ಅದು. ಹೆಣ್ಣುಮಕ್ಕಳ ಸುರ ಮ್ಯಾಲಿರಬೇಕು."

ಅವ್ವ ಎದ್ದು ನಿಂತಳು. "ಹೌದಾ? ಹಂಗಾದ್ರ ನೀ ಹಾಡಿ ತೋರಸು. ಮ್ಯಾಲಿಂದ. ನಾ ಕೆಳಗಿನಾಕಿ ಕೇಳ್ತೀನಿ."

"ನನಗೀಗ ಬ್ಯಾಡ. ಗಂಟಲು ಸರಿ ಇಲ್ಲ."

"ಗಂಟಲಿಗೆ ಏನಾಗ್ಯದ? ಈಗ ಚೊಲೋನ ಮಾತಾಡಿದಿ."

ಆಗ ವಂದನಾ ವೈನಿ ಟ್ರೇ ಕೆಳಗಿಟ್ಟು ಅವ್ವನಿಗೆ ಮೆಲ್ಲಗೆ ಹೇಳಿದಳು: "ಅವರು ಹಾಡೂದು ಬಿಟ್ಟು ಭಾಳ ದಿನ ಆತು ರೀ ಮಾವಶಿ. ಗುಡಿಗೂ ಹೋಗೂದಿಲ್ಲ. ಹೋದ್ರ ಹಾಡು ಅಂತಾರ ಅಂತ."

ಮಾವಶಿ ಸೊಸೆಯನ್ನು ಸುಡುವಂತೆ ನೋಡಿದಳು. ಬಳಿಕ ತಂಗಿಯನ್ನು ನೋಡಿದಳು. ಏನೆನಿಸಿತೋ, ಬೆನ್ನು ನೆಟ್ಟಗೆ ಮಾಡಿ, ಯಾವ ಶ್ರುತಿಯನ್ನೂ ಕೇಳದೆ, ತನ್ನ ಹಳೆಯ ಎತ್ತರದಿಂದಲೇ ಅದೇ ದೇವರನಾಮ ಎತ್ತಿಕೊಂಡಳು. ಮೊದಲ ಸಾಲಿನಲ್ಲಿ ಆ ಬೆಳ್ಳಿಯ ಗೆರೆಯೊಂದು ಮಿಂಚಿತು. ಎರಡನೇ ಸಾಲಿಗೆ ದನಿ ನಡುಗಿತು. ಚರಣಕ್ಕೆ ಏರಲು ಹೋದಾಗ ಗಾಳಿ ಮಾತ್ರ ಬಂತು, ದನಿ ಬರಲಿಲ್ಲ. ಮಾವಶಿ ಬಾಯಿ ಮುಚ್ಚಿಕೊಂಡು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಎಲ್ಲರೂ ನೆಲ ನೋಡುತ್ತಿದ್ದೆವು.

ಅವ್ವ ಬಂದದ್ದೇ ಗೆಲ್ಲಲು, ಈಗ ಗೆದ್ದೂ ಆಗಿತ್ತು. ನಾನು ಅವಳ ಮುಖ ನೋಡಿದೆ. ಗೆದ್ದವರ ಮುಖ ಅದಾಗಿರಲಿಲ್ಲ. ಉಪ್ಪು ಹೆಚ್ಚಾದ ಸಾರು ಬಾಯಿಗಿಟ್ಟವರ ಹಾಗೆ ಇತ್ತು.

ಅವಳು ಕೀಬೋರ್ಡನ್ನು ಎಳೆದು ಅಕ್ಕನ ಕುರ್ಚಿಯ ಮುಂದಿನ ಟೀಪಾಯಿಯ ಮೇಲಿಟ್ಟಳು. ಮೈನಸ್ ಬಟನ್ ಒಮ್ಮೆ ಒತ್ತಿದಳು. ಸ್ವಲ್ಪ ಯೋಚಿಸಿ ಇನ್ನೊಮ್ಮೆ ಒತ್ತಿದಳು. ಮೈನಸ್ ಆರು. ಕೆಂಪು ಟಿಕಲಿಯ ಮೇಲೆ ಬೆರಳಿಟ್ಟಳು.

"ಈಗ ಹಾಡಕ್ಕಾ."

"ಬ್ಯಾಡ ಅಂದೆನಲ್ಲ."

"ಇಲ್ಲಿಂದ ಹಾಡು. ಇಲ್ಲಿ ಹಾದಿ ಸಪಾಟ ಅದ."

ಮಾವಶಿ ತುಸು ಹೊತ್ತು ಆ ದನಿಯನ್ನು ಕೇಳಿದಳು. ಅದು ಅವಳು ಯಾವತ್ತೂ ಕಾಲಿಡದ ಊರು. ಬಳಿಕ ಬಲು ಮೆಲ್ಲಗೆ, ನೀರಿನ ಆಳ ನೋಡುವವರ ಹಾಗೆ ಮೊದಲ ಅಕ್ಷರ ಇಟ್ಟಳು. ದನಿ ನಿಂತಿತು. ಮಾವಶಿಯ ಕಣ್ಣು ಅಗಲವಾದವು. ಸಾಲು ಮುಗಿಯುವಷ್ಟರಲ್ಲಿ ಅವ್ವನೂ ಸೇರಿಕೊಂಡಳು. ಚರಣ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ನೀ ಮುಂದೆ ನಾ ಹಿಂದೆ ಎಂಬಂತೆ ಏರಿದರು. ಹಳೆಯ ದನಿ ಕೆಳಗೆ ಬಂದು ಬೇರೆಯೇ ಬಣ್ಣ ಪಡೆದಿತ್ತು. ಕೆಲವು ಕಡೆ ಯಾವುದು ಅಕ್ಕನದು, ಯಾವುದು ತಂಗಿಯದು ಎಂದು ನನಗೆ ತಿಳಿಯಲಿಲ್ಲ. ಅಣ್ಣ ಅಂಗವಸ್ತ್ರದಿಂದ ಮುಖ ಒರೆಸಿಕೊಂಡ. ಅಂದು ಸೆಕೆಯೇನೂ ಇರಲಿಲ್ಲ.

ಹಾಡು ಮುಗಿದ ಮೇಲೆ ಮಾವಶಿ ತಂಗಿಯ ಕೈ ಹಿಡಿದುಕೊಂಡಳು. "ಅಪ್ಪ ಪೇಟಿ ನನ್ನ ಸುರಕ್ಕ ಹಚ್ಚತಿದ್ದ" ಎಂದಳು. "ನಿನ್ನ ಸುರ ಯಾವುದು ಅಂತ ಆ ಮನ್ಯಾಗ ಯಾರೂ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ."

"ನನಗರ ಎಲ್ಲಿ ಗೊತ್ತಿತ್ತು?" ಎಂದಳು ಅವ್ವ. ಕಲಬುರಗಿಯಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ, ಇಷ್ಟೇ ಹೇಳಿ ಒಂದು ಬಾಳೆಹಣ್ಣು ಸುಲಿದು ಅರ್ಧ ಅಕ್ಕನಿಗೆ ಕೊಟ್ಟಳು.

ಅಂದು ಮಧ್ಯಾಹ್ನದ ಊಟದವರೆಗೂ ಹಾಡು, ಊಟದ ಮೇಲೂ ಹಾಡು. ಹೊರಡುವ ಹೊತ್ತಿಗೆ ಮಾವಶಿ ಕೀಬೋರ್ಡಿನ ಮೇಲೆ ಕೈಯಾಡಿಸುತ್ತ, "ಇದನ್ನ ಇಲ್ಲೇ ಬಿಟ್ಟು ಹೋಗವಾ, ಎಂಟು ದಿನ" ಎಂದಳು. ಅಷ್ಟು ಹೊತ್ತಿನ ಪ್ರೀತಿ ವಾತ್ಸಲ್ಯ ಬದಿಗೆ ಸರಿದು, ಅವ್ವ ಫಟ್ಟನೆ ಪ್ಲಗ್ಗು ಕಿತ್ತಳು. "ಹಾಡು ಎಷ್ಟು ಬೇಕಾದ್ರೂ ತಗೋ. ಜಪಾನಿ ಕೊಡಂಗಿಲ್ಲ." ಇಬ್ಬರಿಗೂ ಸಣ್ಣ ಜಗಳ ಆಯಿತು. ಅಣ್ಣ ಕೈ ಮುಗಿದು, ತನ್ನ ಅವ್ವನಿಗೆ ಬೇರೆಯದು ತಂದುಕೊಡುತ್ತೇನೆ ಎಂದು ಮಾತು ಕೊಟ್ಟ ಮೇಲೆ ಶಾಂತಿ ನೆಲೆಸಿತು. ಮಾತಿನಂತೆ ತಂದೂ ಕೊಟ್ಟ. ಅದೇ ಕಂಪನಿಯದು. ಆ ಕಂಪನಿಗೆ ಕಮಲಾಪುರದಲ್ಲಿ ಇನ್ನೊಂದು ಮನೆ ಸಿಕ್ಕಿದ್ದು ಹೀಗೆ.

ಈಗ ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಫೋನು. ಇವರ ವಯಸ್ಸಿನವರು ಬಿಪಿ ಎಷ್ಟು, ಶುಗರ್ ಎಷ್ಟು ಎಂದು ವಿಚಾರಿಸಿಕೊಳ್ಳುವುದನ್ನು ಕೇಳಿದ್ದೇನೆ. ನಮ್ಮವರ ವಿಚಾರಣೆ ಬೇರೆ. ಫೋನು ಸ್ಪೀಕರಿನ ಮೇಲೆ ಇರುವುದರಿಂದ ಇಡೀ ಮನೆಗೆ ಕೇಳುತ್ತದೆ.

"ಎಷ್ಟಕ್ಕ ಇಟ್ಟೀಯಕ್ಕಾ ಇವತ್ತು?"

"ಆರು. ನಿಂದು?"

"ನಂದು ನಾಲ್ಕೇ." ಈ 'ನಾಲ್ಕೇ'ಯಲ್ಲಿ ಒಂಚೂರು ಜಂಬ ಇರುತ್ತದೆ. ಆಮೇಲೆ ಎರಡೂ ಊರುಗಳಿಂದ, ಅವರವರ ಸುರದಲ್ಲಿ ಹಾಡು. ಫೋನಿನಲ್ಲಿ ದನಿ ತುಸು ತಡವಾಗಿ ಬರುವುದರಿಂದ ಒಬ್ಬರ ಸಾಲಿನ ಬಾಲವನ್ನು ಇನ್ನೊಬ್ಬರ ಸಾಲು ತುಳಿಯುತ್ತದೆ. ಇಬ್ಬರೂ ಅದಕ್ಕೆ ನೆಟ್‌ವರ್ಕನ್ನು ಬೈಯುತ್ತಾರೆ.

ಮೊನ್ನೆ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದೆ. ಫೋನಿನಲ್ಲಿ ಮಾವಶಿ ಹಾಡಲು ಶುರು ಮಾಡಿ, ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು, ಮತ್ತೆ ನಿಲ್ಲಿ‌ಸಿದಳು.

"ಇವತ್ತು ಆರಕ್ಕೂ ಆಗವಲ್ದು" ಎಂದಳು. ದನಿ ಸಣ್ಣಗಾಗಿತ್ತು. "ಏಳಕ್ಕ ಇಳಿಸೀನಿ. ಹಿಂಗ ಇಳಕೋತ ಹೋದ್ರ ಎಲ್ಲಿಗೆ ಹೋಗಿ ಮುಟ್ಟೂದು?"

ಅವ್ವ ತನ್ನ ಕೀಬೋರ್ಡಿನತ್ತ ಬಾಗಿದಳು. ಟಿಕ್, ಟಿಕ್, ಟಿಕ್ ಎಂದು ಬಟನ್ ಒತ್ತಿದ ಸದ್ದು ಬಾಗಿಲವರೆಗೂ ಕೇಳಿತು.

"ಇಳೀಲಿ ಬಿಡಕ್ಕಾ" ಎಂದಳು. "ನಾನೂ ಅಲ್ಲಿಗೇ ಬಂದೀನಿ. ಹೂಂ, ಎತ್ತಿಕೋ."